ಮನೆಗಿಂತ ಮೊದಲು ನೆರೆಮನೆ

ಸೌದಿಯಲ್ಲಿ ದುಡಿಯುತ್ತಿರುವ ನಮ್ಮ ತಮ್ಮನಿಗಾಗಿ ಮಂಗಳೂರಿನ ಹೊರವಲಯದಲ್ಲಿ ಒಂದು ಮನೆಯನ್ನು ಹುಡುಕಿಕೊಡುವ ಜವಾಬ್ದಾರಿ ಕೆಲವು ತಿಂಗಳುಗಳಿಂದ ನಮ್ಮ ಹೆಗಲ ಮೇಲಿದೆ. ಮದ್ರಸದ ಪಾಠ ಮುಗಿದ ಬಳಿಕ, ಶುಕ್ರವಾರದ ರಜೆಯಲ್ಲಿ, ತಮ್ಮನ ಪತ್ನಿಯನ್ನೂ ನಮ್ಮ ಮನೆಯಾಕೆಯನ್ನೂ ಕರೆದುಕೊಂಡು ತೊಕ್ಕೊಟ್ಟು, ಕುತ್ತಾರು, ದೇರಳಕಟ್ಟೆ, ನಾಟೆಕಲ್, ಕೊಣಾಜೆ ಎಂದು ಸುತ್ತಿದ್ದೇವೆ. ಒಮ್ಮೆ ಆ ಕಡೆ ಬಜ್ಪೆ ಮತ್ತು ಗುರುಪುರ ಕೈಕಂಬದವರೆಗೂ ಹೋಗಿಬಂದೆವು. ತಮ್ಮನು ನಮಗೆ ಕೊಟ್ಟ ಪಟ್ಟಿಯಲ್ಲಿ ಮೂರೇ ಅಂಶಗಳಿದ್ದವು. ಮಸೀದಿ ಹತ್ತಿರವಿರಬೇಕು, ಸುತ್ತಮುತ್ತ ನಮ್ಮವರೇ ಇರಬೇಕು, ನಾಳೆ ಮಾರಿದರೆ ಒಳ್ಳೆಯ ಬೆಲೆ ಬರಬೇಕು.

ಈ ಮೂರರಲ್ಲಿ ಯಾವುದನ್ನೂ ನಾವು ಹಗುರವಾಗಿ ಕಾಣುವುದಿಲ್ಲ. ಬಾಂಗ್ ಕೇಳಿಸದ ಮನೆಯಲ್ಲಿ ಮಕ್ಕಳನ್ನು ಬೆಳೆಸುವುದು ಎಷ್ಟು ಕಷ್ಟವೆಂಬುದನ್ನು ಅಧ್ಯಾಪಕರಾದ ನಾವು ಬಲ್ಲೆವು. ಆದರೆ ಹನ್ನೆರಡು ವರ್ಷಗಳ ಹಿಂದೆ ನಾವು ಸ್ವತಃ ಮನೆ ಕೊಂಡಾಗಲೂ ಇದೇ ಮೂರು ಪ್ರಶ್ನೆಗಳನ್ನಷ್ಟೇ ಕೇಳಿದ್ದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೂರಕ್ಕೂ ಸರಿಯಾದ ಉತ್ತರವೇ ದೊರಕಿತ್ತು. ಮಸೀದಿ ಇನ್ನೂರು ಹೆಜ್ಜೆ ದೂರದಲ್ಲಿದೆ. ಎಡಬಲ ನಮ್ಮವರೇ ಇದ್ದಾರೆ. ಬೆಲೆಯೂ ಏರಿದೆ. ಕೇಳದೆ ಬಿಟ್ಟ ಪ್ರಶ್ನೆಗಳು ಮಾತ್ರ ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಟ್ಯಾಂಕರಿನ ರೂಪದಲ್ಲಿ ಬಾಗಿಲಿಗೆ ಬರುತ್ತವೆ. ಕೊಳವೆಬಾವಿ ಆರುನೂರು ಅಡಿ ಇಳಿದರೂ ಬೇಸಗೆಯಲ್ಲಿ ಕೆಮ್ಮುತ್ತದೆ. ಟ್ಯಾಂಕರೂ ಅಂಗಳದವರೆಗೆ ಬರಲಾರದು, ಏಕೆಂದರೆ ನಮ್ಮ ದಾರಿಯ ಅಗಲ ಎಂಟೇ ಅಡಿ. ನಮ್ಮ ತಂದೆಯವರಿಗೆ ರಾತ್ರಿ ಎದೆನೋವು ಕಾಣಿಸಿಕೊಂಡಾಗ ಆಂಬುಲೆನ್ಸ್ ದಾರಿಯ ತುದಿಯಲ್ಲೇ ನಿಂತಿತು. ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳ್ಳಿರಿಸಿ ನಾಲ್ವರು ಹೊತ್ತುಕೊಂಡು ಓಡಿದೆವು. ಆ ಓಟವನ್ನು ನಾವು ಮರೆತಿಲ್ಲ.

ದಾರಿಯ ಅಗಲದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೆ ಏಳು ಮೊಳ ಬಿಡಬೇಕೆಂದು ಪ್ರವಾದಿಯವರು(ಸ) ತೀರ್ಪಿತ್ತಿರುವುದನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳು ವರದಿ ಮಾಡಿವೆ. ಮೊಳಕ್ಕೆ ಒಂದೂವರೆ ಅಡಿಯೆಂದು ಹಿಡಿದರೂ ಅದು ಹತ್ತೂವರೆ ಅಡಿಯಾಗುತ್ತದೆ. ಭಾರ ಹೊತ್ತ ಒಂಟೆಗಳು ಓಡಾಡುತ್ತಿದ್ದ ಕಾಲದ ಲೆಕ್ಕವದು. ಕಾರು, ಲಾರಿಗಳ ಕಾಲದ ನಾವು ಎಂಟು ಅಡಿಗೆ ತೃಪ್ತರಾಗಿದ್ದೇವೆ. ಆ ಹದೀಸನ್ನು ಮಕ್ಕಳಿಗೆ ಕಲಿಸುತ್ತಲೇ ಅಂತಹ ಜಾಗವನ್ನು ನಾವು ಕೊಂಡೆವು. ಕಲಿಸುವುದೇ ಬೇರೆ, ಕ್ರಯಪತ್ರಕ್ಕೆ ಸಹಿ ಹಾಕುವಾಗ ನೆನಪಿಟ್ಟುಕೊಳ್ಳುವುದೇ ಬೇರೆ.

ಮನೆಗಿಂತ ಮೊದಲು ನೆರೆಯವನನ್ನು ಹುಡುಕು ಎಂಬ ಮಾತು ಅರಬರಲ್ಲಿ ಬಹಳ ಹಿಂದಿನಿಂದಲೂ ಇದೆ. ಇದನ್ನು ಹದೀಸ್ ಎಂದು ಭಾಷಣಗಳಲ್ಲಿ ಹೇಳುವವರಿದ್ದಾರೆ. ವರದಿ ಸರಣಿ ದುರ್ಬಲವೆಂದು ವಿದ್ವಾಂಸರು ಹೇಳಿರುವುದರಿಂದ ನಾವು ಅದನ್ನು ಗಾದೆಯೆಂದೇ ಇಟ್ಟುಕೊಳ್ಳೋಣ. ಅದಕ್ಕೆ ಆಧಾರವಾಗಬಲ್ಲ ಬೋಧನೆಗಳಿಗಂತೂ ಕೊರತೆಯಿಲ್ಲ. ವಿಶಾಲವಾದ ಮನೆ, ಒಳ್ಳೆಯ ನೆರೆಯವ, ಹಿತವಾದ ವಾಹನ ಇವು ಮನುಷ್ಯನ ಸೌಭಾಗ್ಯದ ಭಾಗಗಳೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಇಂದಿನ ಬಡಾವಣೆಗಳ ಜಾಹೀರಾತುಗಳನ್ನು ನೋಡಿರಿ. ಮನೆಯ ಚಿತ್ರವಿದೆ, ವಾಹನ ನಿಲುಗಡೆಯ ಚಿತ್ರವಿದೆ. ಮೂರನೆಯದು ಎಲ್ಲಿಯೂ ಇಲ್ಲ. ಮಾರುವವನ ಬಳಿ ಅದು ಇಲ್ಲವಾದ್ದರಿಂದ ಅವನು ತೋರಿಸುವುದಿಲ್ಲ. ಕೊಳ್ಳುವವನೇ ಹೋಗಿ ನೋಡಿಕೊಳ್ಳಬೇಕು.

ಬುಖಾರಿಯಲ್ಲಿ ಅಬೂ ರಾಫಿಅ್(ರ) ಅವರ ಒಂದು ಪ್ರಸಂಗವಿದೆ. ಸಅದ್ ಬಿನ್ ಅಬೀ ವಕ್ಕಾಸ್(ರ) ಅವರ ವಠಾರದಲ್ಲಿ ಅವರಿಗೆ ಎರಡು ಕೋಣೆಗಳಿದ್ದವು. ಅವುಗಳನ್ನು ಕೊಂಡುಕೊಳ್ಳುವಂತೆ ಸಅದ್‌ರನ್ನೇ ಮೊದಲು ಕೇಳಿದರು. ಸಅದ್ ನಾಲ್ಕು ಸಾವಿರಕ್ಕಿಂತ ಹೆಚ್ಚು ಕೊಡಲು ಒಪ್ಪಲಿಲ್ಲ, ಅದನ್ನೂ ಕಂತುಗಳಲ್ಲಿ ಕೊಡುವುದಾಗಿ ಹೇಳಿದರು. ಬೇರೆಯವರು ಐನೂರು ದೀನಾರ್ ಕೊಡಲು ಸಿದ್ಧರಿದ್ದರು. ಆದರೂ ಅಬೂ ರಾಫಿಅ್ ನೆರೆಯವರಿಗೇ ಮಾರಿದರು. ಸಾಮೀಪ್ಯದ ಕಾರಣಕ್ಕೆ ನೆರೆಯವನಿಗೆ ಹೆಚ್ಚಿನ ಹಕ್ಕಿದೆಯೆಂದು ಪ್ರವಾದಿಯವರಿಂದ(ಸ) ಕೇಳಿರದಿದ್ದರೆ ತಾನು ಹೀಗೆ ಮಾಡುತ್ತಿರಲಿಲ್ಲವೆಂದು ಅವರು ಬಾಯಿಬಿಟ್ಟು ಹೇಳಿದರು. ಶುಫ್ಅದ ಅಧ್ಯಾಯದಲ್ಲಿ ಇದನ್ನು ಓದಿದವರಿಗೆ ಅದರ ಕಾನೂನು ಚರ್ಚೆ ಗೊತ್ತಿರುತ್ತದೆ. ಆ ಚರ್ಚೆಯಲ್ಲಿ ಮದ್ಸ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ, ಅದು ಇಲ್ಲಿ ಬೇಡ. ನಮ್ಮನ್ನು ತಟ್ಟಿದ್ದು ಇಷ್ಟೇ: ಒಂದು ಜಾಗದ ಕ್ರಯವೆಂದರೆ ಕೊಡುವವನ ಮತ್ತು ಕೊಳ್ಳುವವನ ನಡುವಿನ ವಿಷಯ ಮಾತ್ರವಲ್ಲ, ಬೇಲಿಯಾಚೆ ನಿಂತಿರುವವನೂ ಅದರಲ್ಲಿ ಇದ್ದಾನೆ.

ನಾವು ನೋಡಿದ ಮನೆಗಳಲ್ಲಿ ಎರಡರ ಬಗ್ಗೆ ಮಾತ್ರ ಬರೆಯುತ್ತೇವೆ.

ಮೊದಲನೆಯದು ಹೊಸ ಮನೆ. ಆರು ಸೆಂಟ್ಸ್ ಜಾಗ, ಎರಡು ಅಂತಸ್ತು, ಮಾರ್ಬಲ್ ನೆಲ. ದಲ್ಲಾಳಿಯು, “ಉಸ್ತಾದ್, ಇಲ್ಲಿ ಎಲ್ಲರೂ ನಮ್ಮವರೇ. ಮಸೀದಿಯ ಕೆಲಸವೂ ನಡೆಯುತ್ತಿದೆ. ಎರಡು ವರ್ಷದಲ್ಲಿ ಬೆಲೆ ಎಲ್ಲಿಗೆ ಹೋಗುತ್ತದೆ ನೋಡಿ” ಎಂದನು. ತಮ್ಮನ ಮೂರು ಪ್ರಶ್ನೆಗಳಿಗೂ ಒಂದೇ ಉಸಿರಿನಲ್ಲಿ ಉತ್ತರ ದೊರಕಿತು. ತಮ್ಮನು ವಾಟ್ಸಾಪ್ ವೀಡಿಯೊದಲ್ಲಿ ನೋಡಿ ಅಲ್ಲಿಂದಲೇ ಒಪ್ಪಿಬಿಟ್ಟನು. ಆದರೆ ವೀಡಿಯೊದಲ್ಲಿ ಮನೆಯ ಹಿಂಭಾಗ ಕಾಣಿಸಿರಲಿಲ್ಲ. ಹಿಂದೆ ಗುಡ್ಡವನ್ನು ನೆಟ್ಟಗೆ ಕತ್ತರಿಸಿ ಜಾಗ ಮಾಡಿದ್ದರು. ಮೇಲ್ಗಡೆ ಕೆಂಪು ಮಣ್ಣು, ನಡುವೆ ಸ್ವಲ್ಪ ಮುರಕಲ್ಲು, ಅದರ ಕೆಳಗೆ ಬೆರಳು ಇಟ್ಟರೆ ಉದುರುವ ಬಿಳಿಯ ಜೇಡಿ. ಆ ದರೆಯ ಮೇಲೆ ಇನ್ನೊಂದು ಮನೆಯ ಆವರಣ ಗೋಡೆ. ನೀರು ಹೋಗಲು ಚರಂಡಿಯಿಲ್ಲ.

2024ರ ಜೂನ್ ತಿಂಗಳಲ್ಲಿ ಕುತ್ತಾರಿನ ಮದನಿನಗರದಲ್ಲಿ ಮಳೆಗೆ ಪಕ್ಕದ ಮನೆಯ ಆವರಣ ಗೋಡೆ ಕುಸಿದು, ಮಲಗಿದ್ದ ಒಂದೇ ಕುಟುಂಬದ ನಾಲ್ವರು ಅಲ್ಲಾಹನ ಕಡೆಗೆ ಮರಳಿದರು. ಮರುವರ್ಷ ಮೇ ತಿಂಗಳ ಕೊನೆಯಲ್ಲಿ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಅಜ್ಜಿಯೊಬ್ಬರು ಮತ್ತು ಎಳೆಯ ಇಬ್ಬರು ಮೊಮ್ಮಕ್ಕಳು ತೀರಿಕೊಂಡರು. ಮೊದಲನೆಯದು ಮುಸ್ಲಿಮ್ ಕುಟುಂಬ, ಎರಡನೆಯದು ಹಿಂದೂ ಕುಟುಂಬ. ಮಣ್ಣಿಗೆ ಆ ವ್ಯತ್ಯಾಸ ತಿಳಿಯಲಿಲ್ಲ. ಆ ಎರಡೂ ಮನೆಗಳಿಗೆ ಹೋಗಿ ನಿಂತವರು ಈ ಭಾಗದಲ್ಲಿ ನೂರಾರು ಮಂದಿಯಿದ್ದಾರೆ. ಹೀಗಿದ್ದೂ ಮನೆ ನೋಡಲು ಹೋದಾಗ ನಾವು ಅಡುಗೆಕೋಣೆಯ ಕಪಾಟುಗಳನ್ನು ತೆರೆದು ನೋಡುತ್ತೇವೆಯೇ ಹೊರತು ಹಿತ್ತಿಲಿಗೆ ಹೋಗಿ ತಲೆಯೆತ್ತಿ ಮೇಲೆ ನೋಡುವುದಿಲ್ಲ. ಕರಾವಳಿಯಲ್ಲಿ ಮನೆಯನ್ನು ಎರಡು ಬಾರಿ ನೋಡಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ: ಜುಲೈಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಇನ್ನೊಮ್ಮೆ. ಜುಲೈಯ ಮಳೆ ದರೆಯ ಗುಟ್ಟನ್ನು ಹೇಳುತ್ತದೆ, ಮೇ ತಿಂಗಳ ಬಿಸಿಲು ಬಾವಿಯ ಗುಟ್ಟನ್ನು. ಡಿಸೆಂಬರಿನಲ್ಲಿ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ. ಗಲ್ಫ್‌ನಿಂದ ರಜೆಯಲ್ಲಿ ಬರುವವರು ಹೆಚ್ಚಾಗಿ ಡಿಸೆಂಬರಿನಲ್ಲೇ ಬರುತ್ತಾರೆಂಬುದು ದಲ್ಲಾಳಿಗಳಿಗೂ ಗೊತ್ತಿದೆ. ಪಂಚಾಯತಿನ ನಲ್ಲಿಯಿದೆ ಎಂಬ ಮಾತನ್ನೂ ಪೂರ್ತಿ ನಂಬುವಂತಿಲ್ಲ. ನೇತ್ರಾವತಿಗೆ ತುಂಬೆಯಲ್ಲಿ ಅಣೆಕಟ್ಟು ಇರುವ ಮಂಗಳೂರು ನಗರದಲ್ಲೇ 2019ರ ಮೇ ತಿಂಗಳಲ್ಲಿ ಸರದಿಯ ಮೇಲೆ ನೀರು ಬಿಟ್ಟಿದ್ದರು.

ಕಾಗದಪತ್ರಗಳನ್ನು ಕೇಳಿದೆವು. ಜನರು ‘ನೈನ್ ಇಲೆವೆನ್’ ಎಂದು ಕರೆಯುವ ನಮೂನೆ 9 ಮತ್ತು 11 ಮನೆಯಿರುವ ಭಾಗಕ್ಕೆ ಇತ್ತು. ಆದರೆ ಅಂಗಳದ ಒಂದು ಪಾಲು ಕುಮ್ಕಿಯೆಂದು ಗೊತ್ತಾಯಿತು. ಕುಮ್ಕಿ ಎಂದರೆ ಸರಕಾರದ ಜಾಗ, ಪಕ್ಕದ ವರ್ಗದಾರನಿಗೆ ಸೊಪ್ಪು ಸೌದೆಯಂತಹ ಕೆಲವು ಸವಲತ್ತುಗಳು ಮಾತ್ರ ಅದರ ಮೇಲಿರುತ್ತವೆ, ಮಾರುವ ಹಕ್ಕಿಲ್ಲ. “ಇಲ್ಲಿ ಎಲ್ಲರೂ ಹಾಗೆಯೇ ಕಟ್ಟಿದ್ದಾರೆ ಉಸ್ತಾದ್” ಎಂದನು ದಲ್ಲಾಳಿ. ಅನ್ಯಾಯವಾಗಿ ಕಬಳಿಸಿದ ಒಂದು ಗೇಣು ಭೂಮಿಯು ಪರಲೋಕದಲ್ಲಿ ಏಳು ಭೂಮಿಗಳ ಆಳದಿಂದ ಕೊರಳಿಗೆ ಸುತ್ತಿಕೊಳ್ಳುವುದೆಂಬ ಎಚ್ಚರಿಕೆಯನ್ನು ಜುಮಾ ಖುತ್ಬಾದಲ್ಲಿ ಕೇಳುವ ನಾವು, ಅಂಗಳದ ವಿಷಯ ಬಂದಾಗ “ಎಲ್ಲರೂ ಹಾಗೆಯೇ” ಎಂದುಬಿಡುತ್ತೇವೆ. ಅಷ್ಟೇ ಅಲ್ಲ, ಆ ಮನೆಯ ಬೆಲೆಗೆ ತಮ್ಮನ ಉಳಿತಾಯ ಸಾಲದು, ಬ್ಯಾಂಕಿನ ಬಡ್ಡಿಸಾಲವೇ ಗತಿ. ಮಾರ್ಬಲ್ ನೆಲಕ್ಕಾಗಿ ಬಡ್ಡಿಯ ಬಾಗಿಲು ತಟ್ಟುವುದನ್ನು ಯಾವ ನಿರ್ಬಂಧಿತ ಸ್ಥಿತಿಯೆಂದು ಕರೆಯೋಣ?

ಎರಡನೆಯ ಮನೆಯ ಬಗ್ಗೆ ಹೇಳುವ ಮೊದಲು ‘ನಮ್ಮವರು’ ಎಂಬ ಪದದ ಕುರಿತು ಸ್ವಲ್ಪ ಹೇಳಲೇಬೇಕಾಗಿದೆ.

ನಮ್ಮವರು ಒಂದೆಡೆ ಗುಂಪಾಗಿ ನೆಲೆಸುವುದಕ್ಕೆ ಕಾರಣವಿಲ್ಲದಿಲ್ಲ. ಬಾಡಿಗೆ ಮನೆ ಕೇಳಲು ಹೋಗಿ, ಹೆಸರು ಹೇಳಿದ ಕೂಡಲೇ “ಈಗಷ್ಟೇ ಬೇರೆಯವರಿಗೆ ಕೊಟ್ಟೆವು” ಎಂಬ ಉತ್ತರ ಕೇಳಿ ಮರಳಿದ ಅನುಭವ ನಮ್ಮ ಓದುಗರಲ್ಲಿ ಹಲವರಿಗಿರಬಹುದು. ನಮಗೂ ಇದೆ. ಭದ್ರತೆಯ ಭಯದಿಂದ ಮುಸ್ಲಿಮರು ಒಂದೆಡೆ ಒತ್ತೊತ್ತಾಗಿ ನೆಲೆಸುತ್ತಿರುವುದನ್ನೂ, ಹಾಗೆ ನೆಲೆಸಿದ ಕೇರಿಗಳನ್ನು ನೀರು, ಚರಂಡಿ, ಶಾಲೆಗಳ ವಿಷಯದಲ್ಲಿ ಆಡಳಿತವು ಸುಲಭವಾಗಿ ಕಡೆಗಣಿಸುವುದನ್ನೂ 2006ರ ಸಾಚಾರ್ ಸಮಿತಿಯ ವರದಿಯು ದಾಖಲಿಸಿದೆ. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಪ್ರಕರಣದಲ್ಲಿ, ಸದಸ್ಯತ್ವವನ್ನು ತಮ್ಮ ಸಮುದಾಯಕ್ಕೆ ಸೀಮಿತಗೊಳಿಸುವ ನಿಯಮವನ್ನು 2005ರಲ್ಲಿ ಸುಪ್ರೀಮ್ ಕೋರ್ಟ್ ಎತ್ತಿಹಿಡಿದಿತ್ತು. ಅವರವರ ಬಡಾವಣೆ ಅವರವರಿಗೆ ಎಂಬ ಭಾವನೆ ದೇಶದಲ್ಲಿ ನಮ್ಮಿಂದ ಆರಂಭವಾದುದಲ್ಲ. ಇದನ್ನೆಲ್ಲ ನೆನಪಿಟ್ಟುಕೊಂಡೇ ಕೇಳುತ್ತೇವೆ: ಬಾಗಿಲು ಮುಚ್ಚಿದವರ ಮೇಲೆ ನಮಗೆ ದುಃಖವಿದೆ. ಹಾಗಾದರೆ ಬಾಗಿಲು ತೆರೆದಿರುವ ಕಡೆಯೂ ನಾವೇ ಹೋಗದಿರುವುದಕ್ಕೆ ಏನೆನ್ನಬೇಕು?

ಮದೀನಾದಲ್ಲಿ ಬನೂ ಸಲಿಮಾ ಎಂಬ ಕುಟುಂಬದವರು ಊರಿನ ಹೊರ ಅಂಚಿನಲ್ಲಿ ವಾಸಿಸುತ್ತಿದ್ದರು. ಮಸೀದಿಯ ಸುತ್ತ ಜಾಗ ಖಾಲಿಯಾದಾಗ ಅಲ್ಲಿಗೆ ಬಂದು ನೆಲೆಸಲು ಬಯಸಿದರು. ಇದಕ್ಕಿಂತ ಸಾತ್ವಿಕವಾದ ಬಯಕೆ ಯಾವುದಿದೆ? ಪ್ರವಾದಿಯವರು(ಸ) ಅವರನ್ನು ತಡೆದರು. ಇದ್ದಲ್ಲಿಯೇ ಇರಿ, ನೀವು ನಡೆದು ಬರುವ ಹೆಜ್ಜೆಗಳು ಲೆಕ್ಕಕ್ಕೆ ಬರುತ್ತವೆ ಎಂದು ಅವರಿಗೆ ತಿಳಿಸಿದರು. ಮದೀನಾದ ಹೊರವಲಯವು ಬರಿದಾಗುವುದನ್ನು ಪ್ರವಾದಿಯವರು(ಸ) ಇಷ್ಟಪಡಲಿಲ್ಲವೆಂದು ಬುಖಾರಿಯ ವರದಿಯಲ್ಲಿದೆ. ಹೆಜ್ಜೆಗಳ ಪುಣ್ಯದ ಭಾಗವನ್ನು ನಾವು ಬಹಳ ಬಾರಿ ಕೇಳಿದ್ದೇವೆ. ಹೊರವಲಯದ ಭಾಗವನ್ನು ಯಾರೂ ಎತ್ತಿ ಹೇಳುವುದಿಲ್ಲ. ಎಲ್ಲರೂ ಮಸೀದಿಯ ಗೋಡೆಗೆ ಆತುಕೊಂಡು ಮನೆ ಕಟ್ಟಬೇಕೆಂಬುದು ಆ ನಾಯಕರ ನಗರ ಕಲ್ಪನೆಯಾಗಿರಲಿಲ್ಲ.

ಇನ್ನು ನೆರೆಯವರೆಂದರೆ ಯಾರು? ನಾಲ್ಕನೆಯ ಅಧ್ಯಾಯ ಅನ್ನಿಸಾದ 36ನೆಯ ವಚನದಲ್ಲಿ ಅಲ್ಲಾಹನು ಬಂಧುವಾದ ನೆರೆಯವನನ್ನೂ ಬಂಧುವಲ್ಲದ ನೆರೆಯವನನ್ನೂ ಪ್ರತ್ಯೇಕವಾಗಿ ಹೆಸರಿಸಿ ಇಬ್ಬರೊಂದಿಗೂ ಉತ್ತಮವಾಗಿ ವರ್ತಿಸಲು ಆಜ್ಞಾಪಿಸಿದ್ದಾನೆ. ಎರಡನೆಯವನಲ್ಲಿ ಯಹೂದಿ, ಕ್ರೈಸ್ತ ನೆರೆಯವರೂ ಸೇರುತ್ತಾರೆಂದು ಪ್ರಾಚೀನ ವ್ಯಾಖ್ಯಾನಕಾರರಲ್ಲಿ ಕೆಲವರು ವಿವರಿಸಿದ್ದಾರೆ. ಅಬ್ದುಲ್ಲಾ ಬಿನ್ ಅಮ್ರ್(ರ) ಅವರ ಮನೆಯಲ್ಲಿ ಆಡು ಕೊಯ್ದಾಗ, ನಮ್ಮ ಯಹೂದಿ ನೆರೆಯವನಿಗೆ ಕಳಿಸಿದಿರಾ ಎಂದು ಮನೆಯವರನ್ನು ಮತ್ತೆ ಮತ್ತೆ ವಿಚಾರಿಸಿದರು. ಜಿಬ್ರೀಲರು ನೆರೆಯವನ ಬಗ್ಗೆ ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ ಅವನನ್ನು ಆಸ್ತಿಯ ವಾರಸುದಾರನನ್ನಾಗಿಯೇ ಮಾಡಿಬಿಡುವರೇನೋ ಎಂದು ಪ್ರವಾದಿಯವರಿಗೆ(ಸ) ಅನಿಸಿತಂತೆ. ಆ ಮಾತನ್ನು ಅವರು ಉಲ್ಲೇಖಿಸಿದ್ದು ಈ ಯಹೂದಿ ನೆರೆಯವನ ಸಂದರ್ಭದಲ್ಲಿ. ನಮ್ಮ ಮದ್ರಸದ ಮಕ್ಕಳಿಗೆ ಈ ಹದೀಸ್ ಬಾಯಿಪಾಠವಿದೆ. ಆದರೆ ಅವರಲ್ಲಿ ಎಷ್ಟೋ ಮಂದಿಗೆ ಅನ್ಯಧರ್ಮೀಯ ನೆರೆಯವರೇ ಇಲ್ಲ. ಈದ್‌ನ ದಿನ ಯಾರ ಮನೆಗೆ ತಟ್ಟೆ ಒಯ್ಯಬೇಕು ಅವರು?

ಎರಡನೆಯ ಮನೆ ಹಳೆಯದು. ಒಂಬತ್ತು ಸೆಂಟ್ಸ್, ಹಂಚಿನ ಮಾಡು, ಕೆಂಪು ಕಾವಿಯ ನೆಲ, ಅಂಗಳದಲ್ಲಿ ಕಲ್ಲು ಕಟ್ಟಿದ ಬಾವಿ. ವಾರಸುದಾರರು ಮುಂಬಯಿಯಲ್ಲಿದ್ದಾರೆ. ದಾರಿಯು ಹನ್ನೆರಡು ಅಡಿ, ಪಂಚಾಯತಿನ ದಾಖಲೆಯಲ್ಲಿರುವ ದಾರಿ. ಜಾಗ ವರ್ಗದ್ದು, ಋಣಭಾರ ಪ್ರಮಾಣಪತ್ರದಲ್ಲಿ ಏನೂ ಬಾಕಿಯಿಲ್ಲ. ತಮ್ಮನ ಉಳಿತಾಯ ಸಾಕಾಗುತ್ತದೆ, ದುರಸ್ತಿಗೂ ಸ್ವಲ್ಪ ಉಳಿಯುತ್ತದೆ. ಆ ದಾರಿಯಲ್ಲಿ ಒಟ್ಟು ಹನ್ನೊಂದು ಮನೆಗಳು. ನಮ್ಮವರದ್ದು ಎರಡು, ಉಳಿದವು ಕ್ರೈಸ್ತರದ್ದು ಮತ್ತು ಹಿಂದೂಗಳದ್ದು. ಮಸೀದಿಗೆ ಒಂದೂಕಾಲು ಕಿಲೋಮೀಟರ್.

ಅಬೂ ರಾಫಿಅ್ ಅವರ ಪ್ರಸಂಗ ಮನಸ್ಸಿನಲ್ಲಿದ್ದುದರಿಂದ, ದಲ್ಲಾಳಿಯನ್ನು ಹೊರಗೆ ನಿಲ್ಲಿಸಿ ಎಡಗಡೆಯ ಮನೆಗೆ ಹೋದೆವು. ಅಲ್ಲಿ ವೃದ್ಧ ಕ್ರೈಸ್ತ ಮಹಿಳೆಯೊಬ್ಬರು ಒಂಟಿಯಾಗಿದ್ದಾರೆ. ಪಕ್ಕದ ಮನೆ ಮಾರಾಟಕ್ಕಿದೆ, ನಿಮ್ಮವರು ಯಾರಾದರೂ ಕೊಳ್ಳುವುದಾದರೆ ನಾವು ಹಿಂದೆ ಸರಿಯುತ್ತೇವೆ ಎಂದೆವು. ಅವರು ಸ್ವಲ್ಪ ಹೊತ್ತು ನಮ್ಮ ಟೊಪ್ಪಿಯನ್ನೂ ಮುಖವನ್ನೂ ನೋಡಿ, “ಮಗ ಕೆನಡಾದಲ್ಲಿದ್ದಾನೆ, ಅವನಿಗೆ ಇದೇ ಮನೆ ಬೇಡ. ನೀವು ಕೇಳಿದಿರಲ್ಲ, ಅಷ್ಟು ಸಾಕು” ಎಂದರು. ಆಮೇಲೆ ತಮ್ಮನ ಪತ್ನಿಯನ್ನು ಒಳಗೆ ಕರೆದು ಕುಳ್ಳಿರಿಸಿ ಹೇಳಿದ್ದೇನೆಂದರೆ: ಬಾವಿಯ ನೀರು ಚೆನ್ನಾಗಿದೆ, ಆದರೆ ಎರಡು ವರ್ಷ ಮೇ ತಿಂಗಳ ನಡುವಿನಲ್ಲಿ ಕೆಸರಾಗಿತ್ತು. ದಲ್ಲಾಳಿ ಹೇಳಿರಲಿಕ್ಕಿಲ್ಲ, ನೀವು ನೋಡಿಯೇ ತೆಗೆದುಕೊಳ್ಳಿ. ನಿಮಗೆ ಮಕ್ಕಳೆಷ್ಟು? ಗಂಡ ಊರಿನಲ್ಲಿ ಇರುವುದಿಲ್ಲವೇ? ರಾತ್ರಿ ಏನಾದರೂ ಬೇಕಾದರೆ ಈ ಕಿಟಕಿ ತಟ್ಟಿದರೆ ಸಾಕು.

ಹಿಂದಿರುಗುವಾಗ ತಮ್ಮನ ಪತ್ನಿ ಕಾರಿನಲ್ಲಿ, ತನಗೆ ಈ ಮನೆಯೇ ಸಾಕೆಂದಳು. ಮಾರ್ಬಲ್ ಮನೆಯಲ್ಲಿ ಯಾರೂ ನನ್ನ ಹೆಸರನ್ನು ಕೇಳಲಿಲ್ಲ ಎಂದೂ ಹೇಳಿದಳು. ನಾವು ಅಷ್ಟು ದಿನ ಅವಳನ್ನು ಜೊತೆಗೆ ಕರೆದೊಯ್ಯುತ್ತಿದ್ದೆವಾದರೂ ಅಭಿಪ್ರಾಯ ಕೇಳುತ್ತಿದ್ದುದು ಫೋನಿನಲ್ಲಿದ್ದ ತಮ್ಮನನ್ನು. ವರ್ಷದಲ್ಲಿ ಹನ್ನೊಂದು ತಿಂಗಳು ಆ ಮನೆಯಲ್ಲಿ ಬಾಳುವವಳು ಅವಳು. ಒಂದು ತಿಂಗಳ ಅತಿಥಿಯ ಪಟ್ಟಿಯನ್ನು ಹಿಡಿದುಕೊಂಡು ನಾವು ಊರೂರು ಸುತ್ತಿದ್ದೆವು.

ತಮ್ಮನು ಸುಲಭವಾಗಿ ಒಪ್ಪಲಿಲ್ಲ. ಹಳೆಯ ಮನೆ, ದೂರದ ಮಸೀದಿ ಎಂಬ ಆಕ್ಷೇಪಗಳಿಗೆ ಉತ್ತರ ಕೊಡಬಹುದಾಗಿತ್ತು, ಕೊಟ್ಟೆವು. ಮಕ್ಕಳು ಬೆಳಿಗ್ಗೆ ಮದ್ರಸಕ್ಕೆ ನಡೆದು ಹೋಗಲಾರರು, ವಾಹನದ ವ್ಯವಸ್ಥೆ ಬೇಕು. ಅದಕ್ಕೂ ದಾರಿಯಿದೆ, ನಾವೇ ಕರೆದೊಯ್ಯುತ್ತೇವೆ. ಕೊನೆಗೆ ಅವನು ಕೇಳಿದ ಪ್ರಶ್ನೆಗೆ ಮಾತ್ರ ಫೋನಿನ ಈ ತುದಿಯಲ್ಲಿ ನಾವು ಸ್ವಲ್ಪ ಹೊತ್ತು ಮೌನವಾದೆವು. “ಊರಿನಲ್ಲಿ ಏನಾದರೂ ಗಲಾಟೆಯಾದರೆ? ಆ ದಾರಿಯಲ್ಲಿ ನಮ್ಮದು ಮೂರೇ ಮನೆ. ನಾನು ಇಲ್ಲಿದ್ದೇನೆ.”

ಕರಾವಳಿಯಲ್ಲಿ ಬದುಕುವ ಯಾರೂ ಈ ಪ್ರಶ್ನೆಯನ್ನು ಹೇಡಿತನವೆಂದು ತಳ್ಳಿಹಾಕಲಾರರು. ಏನೂ ಆಗುವುದಿಲ್ಲವೆಂದು ಭರವಸೆ ಕೊಡಲು ನಮ್ಮಿಂದಾಗಲಿಲ್ಲ. ನಮ್ಮವರೇ ತುಂಬಿರುವ ಕೇರಿಯಲ್ಲಿ ಹನ್ನೆರಡು ವರ್ಷಗಳಿಂದಿರುವ ನಾವು ಅಂತಹ ರಾತ್ರಿಗಳಲ್ಲಿ ನೆಮ್ಮದಿಯಿಂದ ಮಲಗಿದ್ದೇವೆಯೇ ಎಂದು ಅವನನ್ನು ಕೇಳಿದೆವು. ಇಲ್ಲವೆಂಬುದು ಅವನಿಗೂ ಗೊತ್ತು. ಅಂತಹ ರಾತ್ರಿಯಲ್ಲಿ ಪೊಲೀಸರಿಗಿಂತ ಮೊದಲು, ನಮಗಿಂತ ಮೊದಲು ಅವಳ ಬಾಗಿಲಿಗೆ ತಲುಪಬಲ್ಲವರು ಆ ಹತ್ತು ಮನೆಯವರು. ಅವರು ಹೇಗೆ ವರ್ತಿಸುವರೆಂಬುದು ಅಲ್ಲಿಯವರೆಗಿನ ವರ್ಷಗಳಲ್ಲಿ ಈ ಮನೆಯಿಂದ ಆ ಮನೆಗಳಿಗೆ ಏನೇನು ಹೋಗಿದೆ, ಬಂದಿದೆ ಎಂಬುದರ ಮೇಲೆ ನಿಂತಿರುತ್ತದೆ. ಉಳಿದುದು ಅಲ್ಲಾಹನ ಮೇಲೆ. ಇಷ್ಟನ್ನೇ ಹೇಳಿದೆವು. ಇದು ಪೂರ್ಣವಾದ ಉತ್ತರವಲ್ಲವೆಂದೂ ಹೇಳಿದೆವು.

ಎರಡು ದಿನಗಳ ಬಳಿಕ ಅವನ ಸಂದೇಶ ಬಂತು. ಈ ಬಾರಿ ಡಿಸೆಂಬರಿನ ಬದಲು ಮೇ ತಿಂಗಳಲ್ಲಿ ರಜೆ ಕೇಳಿದ್ದಾನಂತೆ. ಬಾವಿಯನ್ನು ತಾನೇ ಇಣುಕಿ ನೋಡಬೇಕಂತೆ, ಆ ಕಿಟಕಿಯ ಅಮ್ಮನನ್ನೂ ಒಮ್ಮೆ ಭೇಟಿಯಾಗಬೇಕಂತೆ. ಮುಂಗಡವಿಲ್ಲದೆ ಅಲ್ಲಿಯವರೆಗೆ ಕಾಯಲು ಮುಂಬಯಿಯ ವಾರಸುದಾರರು ಒಪ್ಪಿದ್ದಾರೆ. ಅವರಿಗೆ ಫೋನ್ ಮಾಡಿ ನಮ್ಮ ಪರವಾಗಿ ಮಾತನಾಡಿದ್ದು ಎಡಗಡೆಯ ಮನೆಯ ಆ ವೃದ್ಧೆ. ದಲ್ಲಾಳಿಗೆ ಮಾತ್ರ ಇದು ಸ್ವಲ್ಪವೂ ಹಿಡಿಸಿಲ್ಲ.